ಹಿಟ್ಟಿಗೊಂದು ಹದ, ಪಲ್ಯಕ್ಕೊಂದು ಕಾಲ

ಅಡಿಗೆಯನ್ನು ಕುರಿತು ಬಾನುಲಿಯಲ್ಲಿ ಮಾತನಾಡಲು ನಿಮಗೇನು ಅಧಿಕಾರ ಎಂದು ಕೇಳುಗರು ನನ್ನನ್ನು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಅದು. ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಆ ಕಾಲವೆಲ್ಲ ನೀರು ಕುಡಿಯುವುದಕ್ಕಲ್ಲದೆ ಬೇರೆ ಕಾರಣಕ್ಕೆ ಅಡಿಗೆಮನೆಯ ಹೊಸ್ತಿಲು ದಾಟಿದ ನೆನಪಿಲ್ಲ. ಜಾನಪದದ ತರಗತಿಯಲ್ಲಿ ಬೀಸುವ ಪದಗಳನ್ನು ಕುರಿತು ಗಂಟೆಗಟ್ಟಲೆ ಮಾತನಾಡಿದ್ದೇನೆ. ಅವುಗಳ ಧಾಟಿಯನ್ನು ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿದ್ದೇನೆ. ಬೀಸುವ ಕಲ್ಲಿನ ಗೂಟವನ್ನು ಮಾತ್ರ ಒಂದು ದಿನವೂ ಹಿಡಿದವನಲ್ಲ. ಹದಿನಾರನೆಯ ಶತಮಾನದ ಆದಿಭಾಗದಲ್ಲಿದ್ದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಅಡಿಗೆಯ ಗ್ರಂಥವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದನೆಂದೂ, ಅದಕ್ಕೂ ಮೊದಲು 1025ರ ಸುಮಾರಿಗೆ ಚಾಳುಕ್ಯರ ಕಾಲದ ಇಮ್ಮಡಿ ಚಾವುಂಡರಾಯನು ‘ಲೋಕೋಪಕಾರ’ದಲ್ಲಿ ಪಾಕವಿದ್ಯೆಗೆ ಎಡೆಗೊಟ್ಟನೆಂದೂ ಹೇಳಿ, ಅಂಕ ಬರುವ ಟಿಪ್ಪಣಿಗಳನ್ನು ಬರೆಸಿದ್ದೇನೆ. ಆದರೆ ಮಂಗರಸನ ಪಿಷ್ಟಪಾಕದಲ್ಲಿ ಬರುವ ಹಿಟ್ಟು ಕೈಗೆ ಹೇಗೆ ಅಂಟುತ್ತದೆ, ಯಾವಾಗ ಅಂಟುವುದನ್ನು ಬಿಡುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ಅರವತ್ತು ದಾಟಿದ ಮೇಲೆ. ಹೇಗೆಂಬುದನ್ನು ಹೇಳುವುದೇ ಈ ಭಾಷಣದ ಉದ್ದೇಶ.

ಎರಡು ವರ್ಷಗಳ ಹಿಂದೆ ನನ್ನ ಹೆಂಡತಿಯ ಕೈಬೆರಳುಗಳ ಸಂದುಗಳಿಗೆ ವಾತ ಹಿಡಿಯಿತು. ಈಗಲೂ ಆಕೆ ಚಮಚ ಹಿಡಿಯುತ್ತಾಳೆ, ಪುಸ್ತಕದ ಹಾಳೆ ತಿರುವುತ್ತಾಳೆ. ಆದರೆ ಹಿಟ್ಟು ನಾದುವುದು, ರೊಟ್ಟಿ ಬಡಿಯುವುದು ಆಗದು. ಅಂದಿನಿಂದ ಗೋಪನಕೊಪ್ಪದ ನಮ್ಮ ಮನೆಯಲ್ಲಿ ಹೊಸದೊಂದು ಏರ್ಪಾಡು ನಡೆದು ಬಂದಿದೆ. ಕುರ್ಚಿಯ ಮೇಲೆ ಕುಳಿತು ಹೇಳುವವಳು ಆಕೆ. ಕಟ್ಟೆಯ ಮುಂದೆ ನಿಂತು ಮಾಡುವವನು ನಾನು. ಪಾಠ ಹೇಳಿದವನೇ ವಿದ್ಯಾರ್ಥಿಯಾದೆ. ಅದೂ ಹಿಂದಿನ ಬೆಂಚಿನ ವಿದ್ಯಾರ್ಥಿ.

ಹೀಗಿರಲು, ಕಳೆದ ಚಳಿಗಾಲದ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳು ಅಂಗಡಿಯಿಂದ ಒಂದು ಪಾಸ್ತಾ ಪೊಟ್ಟಣವನ್ನು ತಂದು ನನ್ನ ಮುಂದಿಟ್ಟು, “ಅಜ್ಜಾ, ಇವತ್ತ ಇದನ್ನ ಮಾಡಿಕೊಡು” ಎಂದಳು. ಕೈಗೆ ಬಂದ ಯಾವುದೇ ಬರಹವನ್ನು ಓದದೆ ಬಿಡುವ ಅಭ್ಯಾಸ ನನಗಿಲ್ಲ. ಪೊಟ್ಟಣದ ಹಿಂಬದಿಯನ್ನು ಓದಿದೆ. ಒಳಗಿರುವುದು ಒಂದೇ ಪದಾರ್ಥ: ಡ್ಯೂರಮ್ ಗೋಧಿಯ ರವೆ. ಉಪ್ಪೂ ಇಲ್ಲ, ಎಣ್ಣೆಯೂ ಇಲ್ಲ. ಗಟ್ಟಿಯಾಗಿ ಓದಿದ್ದು ಕುರ್ಚಿಯಲ್ಲಿದ್ದವಳ ಕಿವಿಗೆ ಬಿತ್ತು. “ಬರೇ ರವಾ ನೀರ ಅಂದ್ರ ಅದು ಶ್ಯಾವಿಗೀನs ಅಲ್ಲೇನ್ರೀ? ಅದನ್ನ ರೊಕ್ಕಾ ಕೊಟ್ಟ ತರಬೇಕೇನು? ಹಿಟ್ಟ ಕಲಸ್ರಿ, ನಾ ಹೇಳ್ತೇನಿ” ಎಂದಳು.

ಕಲಸಿದೆ. ಡಬ್ಬಿಯಲ್ಲಿದ್ದ ಚಪಾತಿಯ ಹಿಟ್ಟನ್ನು, ಯಾರನ್ನೂ ಕೇಳದೆ, ಪಂಡಿತನ ಆತ್ಮವಿಶ್ವಾಸದಿಂದ ಕಲಸಿದೆ. ಸಣ್ಣ ಸಣ್ಣ ಉಂಡೆ ಮಾಡಿ, ಚಪ್ಪಟೆ ಒತ್ತಿ, ಕುದಿಯುವ ನೀರಿಗೆ ಹಾಕಿದೆ. ಹತ್ತು ನಿಮಿಷದ ಮೇಲೆ ಮುಚ್ಚಳ ತೆರೆದರೆ ಉಂಡೆಗಳು ಒಂದಕ್ಕೊಂದು ಅಂಟಿ, ಅಂಚು ಕರಗಿ, ನೀರು ಬೆಳ್ಳಗೆ ಮಂದವಾಗಿತ್ತು. ಹೆಂಡತಿ ಎದ್ದು ಬಂದು ನೋಡಿ, “ಗಂಜಿ ಛಲೋ ಆಗೇತಿ” ಎಂದಳು. ಮೊಮ್ಮಗಳು ನಗಲಿಲ್ಲ, ಆ ನಗದೆ ಇದ್ದುದೇ ನನಗೆ ಹೆಚ್ಚು ನಾಚಿಕೆಯನ್ನುಂಟುಮಾಡಿತು. ಆಮೇಲೆ ಹೆಂಡತಿ ಹೇಳಿದ ಮಾತು ಇಡೀ ವಿಷಯಕ್ಕೆ ಸೂತ್ರಪ್ರಾಯವಾದದ್ದು: “ಗೋಧಿ ಅಂದ್ರ ಒಂದs ಅಲ್ರೀ. ಚಪಾತಿಗೆ ಒಂದ, ಶ್ಯಾವಿಗಿಗೆ ಒಂದ.”

ಈ ಸೂತ್ರಕ್ಕೆ ನಾನು ಆಮೇಲೆ ಓದಿ ಬರೆದುಕೊಂಡ ಭಾಷ್ಯ ಹೀಗಿದೆ. ಇಂದು ನಾವು ದಿನನಿತ್ಯ ಚಪಾತಿಗೂ ಬ್ರೆಡ್ಡಿಗೂ ಬಳಸುವ ಗೋಧಿ ಒಂದು ಜಾತಿಯದು. ಡ್ಯೂರಮ್ ಎಂಬುದು ಇನ್ನೊಂದು ಜಾತಿ. ಕಾಳು ಗಟ್ಟಿ, ಗಾಜಿನಂತೆ ಹೊಳಪು, ಒಡೆದರೆ ನುಣ್ಣನೆಯ ಹಿಟ್ಟಾಗುವ ಬದಲು ಹಳದಿ ಛಾಯೆಯ ಹರಳು ಹರಳು ರವೆಯಾಗುತ್ತದೆ. ಇದಕ್ಕೆ ತೀರ ಹತ್ತಿರದ ಸಂಬಂಧಿಯೊಂದಿದೆ. ಅದೇ ನಮ್ಮ ಕಡೆ ಸದಕ, ಜವೆ ಗೋಧಿ, ಖಪಲಿ ಎಂದೆಲ್ಲ ಹೆಸರು ಪಡೆದ ಕೆಂಪು ಗೋಧಿ. ಚಪಾತಿಯ ಗೋಧಿಯ ಜೀವಕೋಶದಲ್ಲಿ 42 ವರ್ಣತಂತುಗಳಿದ್ದರೆ ಡ್ಯೂರಮ್ ಹಾಗೂ ಸದಕಗಳಲ್ಲಿ 28 ಇವೆ ಎಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಮನುಷ್ಯ ಮೊತ್ತಮೊದಲು ಬಿತ್ತಿ ಬೆಳೆದ ಧಾನ್ಯಗಳ ಸಾಲಿಗೆ ಸೇರಿದ್ದು ಸದಕ. ಇದರ ಕಾಳಿಗೆ ಹೊಟ್ಟು ಬಿಗಿಯಾಗಿ ಅಂಟಿಕೊಂಡಿರುತ್ತದೆ. ಒಕ್ಕಿದರೆ ಸಾಲದು, ಕುಟ್ಟಿ ಬಿಡಿಸಬೇಕು. ಭಾರತದಲ್ಲಿ ಇದನ್ನು ಇಂದಿಗೂ ಬೆಳೆಯುವ ಕೆಲವೇ ಸೀಮೆಗಳಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರದ ಭಾಗಗಳು ಸೇರಿವೆ. ಹುಗ್ಗಿಗೆ, ಮಾದಲಿಗೆ, ಶಾವಿಗೆಗೆ ಇದೇ ಆಗಬೇಕೆಂದು ನಮ್ಮ ಹಿರಿಯ ಹೆಣ್ಣುಮಕ್ಕಳು ಹಟ ಹಿಡಿಯುತ್ತಿದ್ದರು.

ಹಟಕ್ಕೆ ಕಾರಣವಿತ್ತು. ಗೋಧಿಯ ಹಿಟ್ಟಿಗೆ ನೀರು ಬೆರೆಸಿ ನಾದಿದಾಗ ಅದರೊಳಗಿನ ಎರಡು ಬಗೆಯ ಸಸಾರಜನಕಗಳು ಕೂಡಿ ಒಂದು ಬಲೆಯನ್ನು ಹೆಣೆಯುತ್ತವೆ. ಆ ಬಲೆಯ ಕಣ್ಣುಗಳಲ್ಲಿ ಪಿಷ್ಟದ ಕಣಗಳು ಸೆರೆಯಾಗಿರುತ್ತವೆ. ಕುದಿಯುವ ನೀರಿನಲ್ಲಿ ಪಿಷ್ಟವು ನೀರು ಹೀರಿ ಉಬ್ಬುತ್ತದೆ. ಬಲೆ ಗಟ್ಟಿಯಿದ್ದರೆ ಉಬ್ಬಿದ ಪಿಷ್ಟ ಒಳಗೇ ನಿಲ್ಲುತ್ತದೆ, ಸಡಿಲವಿದ್ದರೆ ಹೊರಗೆ ಹರಿದು ಗಂಜಿಯಾಗುತ್ತದೆ. ನನ್ನ ಪಾತ್ರೆಯಲ್ಲಿ ನಡೆದದ್ದು ಅದೇ. ಇನ್ನೊಂದು ಗುಣ: ಬ್ರೆಡ್ಡಿನ ಗೋಧಿಯ ಹಿಟ್ಟನ್ನು ಎಳೆದರೆ ಅದು ರಬ್ಬರಿನಂತೆ ಹಿಂದಕ್ಕೆ ಸರಿಯುತ್ತದೆ. ರೊಟ್ಟಿ ಉಬ್ಬುವುದಕ್ಕೆ ಅದು ಬೇಕು. ಡ್ಯೂರಮಿನ ಹಿಟ್ಟು ಒತ್ತಿದ ಆಕಾರವನ್ನು ಉಳಿಸಿಕೊಳ್ಳುತ್ತದೆ. ಎಳೆಗೂ ಬಿಲ್ಲೆಗೂ ಬೇಕಾದದ್ದು ಈ ಗುಣ. ಇಟಲಿ ದೇಶವು 1967ರಲ್ಲಿ ಕಾನೂನನ್ನೇ ಮಾಡಿ, ಒಣ ಪಾಸ್ತಾವನ್ನು ಡ್ಯೂರಮ್ ಗೋಧಿಯಿಂದಲೇ ಮಾಡತಕ್ಕದ್ದೆಂದು ವಿಧಿಸಿತು. ನಮ್ಮಲ್ಲಿ ಕಾನೂನು ಇರಲಿಲ್ಲ, ಅತ್ತೆಯರಿದ್ದರು.

ಶಾವಿಗೆಯ ಮಾತು ಬಂದುದರಿಂದ ಅದನ್ನು ಹೊಸೆಯುತ್ತಿದ್ದ ಬಗೆಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಎರೆಯ ಹೊಲದಲ್ಲಿ ಹಿಂಗಾರಿಗೆ ಬಿತ್ತಿದ ಗೋಧಿ ಶಿವರಾತ್ರಿಯ ಆಚೀಚೆ ಮನೆಗೆ ಬರುತ್ತಿತ್ತು. ಬಿಸಿಲು ಬಲಿತ ಮೇಲೆ, ಮಳೆ ಬೀಳುವ ಮುಂಚೆ, ಶಾವಿಗೆಯ ದಿನಗಳು. ಗೋಧಿಯನ್ನು ನೀರು ಹಾಕಿ ನೆನೆಹಾಕಿ, ನೆರಳಿನಲ್ಲಿ ಆರಿಸಿ, ಬೀಸಿ, ಅರಿವೆಯಲ್ಲಿ ಸೋಸುತ್ತಿದ್ದರು. ನೆನೆದ ಕಾಳಿನ ಸಿಪ್ಪೆ ಪುಡಿಯಾಗದೆ ದೊಡ್ಡ ತೌಡಾಗಿ ಬೇರೆ ನಿಲ್ಲುತ್ತದೆ; ಒಳಗಿನ ರವೆ ಶುಭ್ರವಾಗಿ ಉಳಿಯುತ್ತದೆ. ಕಲಸಿದ ಹಿಟ್ಟನ್ನು ಕುಟ್ಟಿ, ನಾದಿ, ಮುಚ್ಚಿಟ್ಟು, ಮತ್ತೆ ನಾದಿ, ಬೆರಳಿಗೆ ಎಣ್ಣೆ ಸವರಿಕೊಂಡು ಶಾವಿಗೆಯ ಮಣೆಯ ಮೇಲೆ ಹೊಸೆಯಬೇಕು. ಒಬ್ಬಳು ಹೊಸೆದು ಬಿಡುವ ಎಳೆಯನ್ನು ಇನ್ನೊಬ್ಬಳು ಕಡಿಯದಂತೆ ಹಿಡಿದು ಕೋಲಿನ ಮೇಲೆ ಇಳಿಬಿಡಬೇಕು. ಒಬ್ಬರಿಂದಾಗುವ ಕೆಲಸವಲ್ಲವಾದ್ದರಿಂದ ಓಣಿಯ ಹೆಂಗಸರು ಮುಯ್ಯಿ ಹಿಡಿಯುತ್ತಿದ್ದರು: ಇಂದು ನಮ್ಮ ಮನೆಯಲ್ಲಿ, ನಾಳೆ ನಿಮ್ಮ ಮನೆಯಲ್ಲಿ. ಅದೇ ಹಿಟ್ಟಿನಿಂದ ಸೌತೆಯ ಬೀಜದಷ್ಟು ಸಣ್ಣ ತುಣುಕುಗಳನ್ನು ಬೆರಳ ತುದಿಯಲ್ಲಿ ಹೊರಳಿಸಿ ಸವತಿಬೀಜವೆಂದು ಕರೆದರು. ಹಬ್ಬಕ್ಕೆ ಅದರ ಹುಗ್ಗಿಯಾಗುತ್ತಿತ್ತು. ಆಕಾರಕ್ಕೊಂದು ಹೆಸರು, ಹೆಸರಿಗೊಂದು ಸಂದರ್ಭ.

ಆ ದಿನಗಳನ್ನು ನೆನೆದು ನಾವು ಗಂಡಸರು ಕಣ್ಣು ಒದ್ದೆ ಮಾಡಿಕೊಳ್ಳುವುದುಂಟು. ಒಮ್ಮೆ ನಾನೂ ಹಾಗೆಯೇ ಏನೋ ಹೇಳಹೋದಾಗ ನನ್ನ ಹೆಂಡತಿ ತಡೆದು, “ಹಾಡಾ ನೆನಪೈತಿ ನಿಮಗ, ಸಂಜಿಗೆ ನಮ್ಮವ್ವನ ಸೊಂಟ ಹಿಡೀತಿದ್ದುದು ನನಗ ನೆನಪೈತಿ” ಎಂದಳು. ನಾನು ಸುಮ್ಮನಾದೆ. ಕೈಯಿಂದ ತಿರುಗಿಸುವ ಶಾವಿಗೆಯ ಯಂತ್ರ ಬಂದಾಗ, ಆಮೇಲೆ ವಿದ್ಯುತ್ತಿನ ಗಿರಣಿ ಬಂದಾಗ, ಯಾವ ಹೆಣ್ಣುಮಗಳೂ ಮಣೆಗಾಗಿ ಅಳಲಿಲ್ಲ, ಅಳಬೇಕಾದದ್ದೂ ಇರಲಿಲ್ಲ. ಆದ್ದರಿಂದ ಹಳೆಯದೆಲ್ಲ ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಶಾವಿಗೆಯ ಭಾರಿ ಸಂಭ್ರಮದ ನೆರಳಿನಲ್ಲಿ, ಅಷ್ಟು ಶ್ರಮವಿಲ್ಲದ, ಇಬ್ಬರೇ ಇರುವ ಮನೆಯಲ್ಲೂ ಕೈಯಿಂದ ಮಾಡಬಹುದಾದ ಇನ್ನೊಂದು ಪದಾರ್ಥವಿತ್ತು. ಅದನ್ನು ಮರೆತೆವಲ್ಲ ಎಂಬುದಷ್ಟೇ ನನ್ನ ಅಳಲು. ಅದು ಮೆಂತ್ಯದ ಕಡಬು.

ಕಡಬು ಎಂದೊಡನೆ ಹೂರಣ ತುಂಬಿ ಕರಿದ ಹಬ್ಬದ ಕಡಬು ನೆನಪಾಗುತ್ತದೆ. ಇದು ಅದಲ್ಲ. ಒಳಗೆ ಏನೂ ತುಂಬದ, ಹೆಬ್ಬೆರಳಿನಿಂದ ನಡುವೆ ಗುಳಿ ಒತ್ತಿದ, ಪಾವಲಿ ನಾಣ್ಯದಷ್ಟು ಅಗಲದ ಹಿಟ್ಟಿನ ಬಿಲ್ಲೆ. ನೀರಿನಲ್ಲೋ ಉಗಿಯಲ್ಲೋ ಬೇಯಿಸಿ, ಮೆಂತ್ಯದ ಸೊಪ್ಪಿನ ಒಗ್ಗರಣೆಯಲ್ಲಿ ಹೊರಳಿಸಿ ತಿನ್ನುವಂಥದು. ರೊಟ್ಟಿಯೂ ಪಲ್ಯವೂ ಒಂದೇ ತಾಟಿನಲ್ಲಿ ಕೂಡಿಕೊಂಡ ಊಟ ಅದು. ನನ್ನ ಹೆಂಡತಿ ಅಂದು ಗಂಜಿಯನ್ನು ಬದಿಗಿರಿಸಿ ನನಗೆ ಕಲಿಸಿದ್ದು ಇದನ್ನೇ.

ಕ್ರಮವನ್ನು ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಬಹುದು. ಕಾಲು ಕಿಲೊ ಹಿಟ್ಟು. ಅದರಲ್ಲಿ ಅರ್ಧ ಕೆಂಪು ಗೋಧಿಯ ಸಣ್ಣ ರವೆ, ಅರ್ಧ ಅದೇ ಗೋಧಿಯ ಹಿಟ್ಟು. ಒಂದು ಚಿಟಿಕೆ ಅರಿಶಿನ, ಅಂಗೈಯಲ್ಲಿ ತಿಕ್ಕಿದ ಅಜವಾನ, ರುಚಿಗೆ ಉಪ್ಪು, ಸ್ವಲ್ಪ ಖಾರಪುಡಿ. ನೀರು ಹಿಟ್ಟಿನ ತೂಕದ ಅರ್ಧದ ಆಚೀಚೆ, ಅಂದರೆ 125 ಮಿಲಿಲೀಟರಿನ ಸುಮಾರು. ಒಮ್ಮೆಲೆ ಸುರಿಯದೆ ಚಿಮುಕಿಸುತ್ತ ಕಲಸಬೇಕು. ಮೊದಲು ಅದು ಉದುರುದುರಾಗಿ, ಎಂದೂ ಕೂಡದ ಹಿಟ್ಟಿನಂತೆ ಕಾಣುತ್ತದೆ. ಆಗ ಇನ್ನಷ್ಟು ನೀರು ಹಾಕುವ ಮೋಹ ಹುಟ್ಟುತ್ತದೆ. ಆ ಮೋಹವನ್ನು ಗೆದ್ದವನೇ ಅಡಿಗೆಯವನು. ಹತ್ತು ನಿಮಿಷ ಅಂಗೈಯ ಹಿಮ್ಮಡಿಯಿಂದ ಒತ್ತಿ ಒತ್ತಿ ನಾದಬೇಕು. ಆಮೇಲೆ ಒದ್ದೆಯ ಅರಿವೆ ಮುಚ್ಚಿ ಅರ್ಧ ತಾಸು ಬಿಡಬೇಕು. ಈ ಅರ್ಧ ತಾಸಿನಲ್ಲಿ ನಾವು ಏನೂ ಮಾಡುವುದಿಲ್ಲ, ಹಿಟ್ಟು ಮಾಡಿಕೊಳ್ಳುತ್ತದೆ: ರವೆಯ ಹರಳು ನೀರು ಕುಡಿದು ಮೆತ್ತಗಾಗುತ್ತದೆ, ಬಿಗಿದ ಬಲೆ ಸಡಿಲುತ್ತದೆ.

ಹದ ಬಂದುದನ್ನು ಅರಿಯುವುದು ಹೇಗೆ? ನನ್ನ ಗುರುವಿನ ಉತ್ತರ, “ಕಿವೀ ಹಾಲಿ ಮುಟ್ಟಿಕೊಂಡ ನೋಡ್ರಿ, ಹಂಗ ಆಗಬೇಕ” ಎಂಬುದು. ಒಂದು ಕೈಯಲ್ಲಿ ಹಿಟ್ಟು, ಇನ್ನೊಂದು ಕೈಯಲ್ಲಿ ಕಿವಿಯ ಹಾಲೆಯನ್ನು ಹಿಡಿದು ನಿಂತ ನಿವೃತ್ತ ಪ್ರಾಧ್ಯಾಪಕನನ್ನು ಕೇಳುಗರು ಊಹಿಸಿಕೊಳ್ಳಬಹುದು. ಆದರೆ ಆ ಅಳತೆ ತಪ್ಪುವುದಿಲ್ಲ.

ಆಮೇಲೆ ಹಿಟ್ಟನ್ನು ಕಿರುಬೆರಳಿನ ದಪ್ಪಕ್ಕೆ ಹೊಸೆದು, ಕಡಲೆಯ ಎರಡರಷ್ಟು ತುಣುಕುಗಳಾಗಿ ಕತ್ತರಿಸಿ, ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ಮುಂದಕ್ಕೆ ಎಳೆಯಬೇಕು. ನಡುವೆ ಗುಳಿ ಬೀಳಬೇಕು. ಗುಳಿ ಅಲಂಕಾರಕ್ಕಲ್ಲ. ನಡುವಿನ ದಪ್ಪ ಕಡಿಮೆಯಾಗುವುದರಿಂದ ಬಿಲ್ಲೆ ಎಲ್ಲೆಡೆ ಒಂದೇ ಸಮನೆ ಬೇಯುತ್ತದೆ; ಒಗ್ಗರಣೆಯ ಎಣ್ಣೆ, ಸೊಪ್ಪು, ಪುಡಿ ಆ ಗುಳಿಯಲ್ಲಿ ನಿಲ್ಲುತ್ತವೆ. ಕಾಲು ಕಿಲೊ ಹಿಟ್ಟಿಗೆ ಎರಡೂವರೆ ಲೀಟರ್ ನೀರು, ಎರಡು ಸಣ್ಣ ಚಮಚ ಉಪ್ಪು. ನೀರು ಬುಳುಬುಳು ಕುದಿಯುವಾಗಲೇ ಹಾಕಬೇಕು. ನೀರು ಕಡಿಮೆಯಾದರೆ ಹಿಟ್ಟು ಬಿದ್ದೊಡನೆ ಕುದಿ ನಿಲ್ಲುತ್ತದೆ, ಬಿಲ್ಲೆಗಳು ತಳಕ್ಕೆ ಕುಳಿತು ಅಂಟುತ್ತವೆ. ಬೆಂದಂತೆ ಅವು ಮೇಲಕ್ಕೆ ತೇಲುತ್ತವೆ. ತೇಲಿದ ಮೇಲೂ ಐದಾರು ನಿಮಿಷ ಬಿಟ್ಟು, ಒಂದನ್ನು ಮುರಿದು, ನಡುವೆ ಹಸಿಹಿಟ್ಟಿನ ಬಿಳಿ ಚುಕ್ಕೆ ಇಲ್ಲವೆಂದು ನೋಡಿ ಬಸಿಯಬೇಕು.

ಬಸಿದ ನೀರನ್ನು ಚೆಲ್ಲಬಾರದು. ಹೋಳಿಗೆಯ ಬೇಳೆ ಬೇಯಿಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡಿದ ಸೀಮೆ ನಮ್ಮದು. ಈ ನೀರಿನಲ್ಲೂ ಕರಗಿದ ಪಿಷ್ಟವಿರುತ್ತದೆ; ಒಂದು ಸೌಟನ್ನು ಒಗ್ಗರಣೆಗೆ ಸೇರಿಸಿದರೆ ಎಣ್ಣೆಯೂ ನೀರೂ ಕೂಡಿ ಬಿಲ್ಲೆಗಳಿಗೆ ನಯವಾಗಿ ಹತ್ತಿಕೊಳ್ಳುತ್ತವೆ. ಇಟಲಿಯವರೂ ಹೀಗೆಯೇ ಮಾಡುತ್ತಾರೆ.

ಒಗ್ಗರಣೆಗೆ ಕುಸುಬೆ ಎಣ್ಣೆ ಸಿಕ್ಕರೆ ಉತ್ತಮ. ಸಾಸಿವೆ, ಜೀರಿಗೆ, ಜಜ್ಜಿದ ಬಳ್ಳೊಳ್ಳಿ, ಕರಿಬೇವು, ಹೆಚ್ಚಿದ ಉಳ್ಳಾಗಡ್ಡಿ. ಉಳ್ಳಾಗಡ್ಡಿ ಮೆತ್ತಗಾದ ಮೇಲೆ ಎರಡು ಸಿವುಡು ಮೆಂತ್ಯದ ಎಲೆ. ಸೊಪ್ಪು ಬಾಡಿದರೆ ಸಾಕು, ಕಪ್ಪಾಗಬಾರದು. ಅದರಲ್ಲಿ ಬಸಿದ ಕಡಬು ಹಾಕಿ ಹೊರಳಿಸಿ, ಕೊನೆಗೆ ಹುರಿದ ಶೇಂಗಾಪುಡಿಯನ್ನೋ ಗುರೆಳ್ಳಿನ ಚಟ್ನಿಪುಡಿಯನ್ನೋ ಉದುರಿಸಬೇಕು. ಪಾಸ್ತಾದ ಮೇಲೆ ಗಿಣ್ಣು ತುರಿದು ಹಾಕುತ್ತಾರಂತೆ. ನಮ್ಮಲ್ಲಿ ಆ ಅಧಿಕಾರ ಗುರೆಳ್ಳಿಗೆ ಸೇರಿದ್ದು. ಮೊಮ್ಮಗಳು ಒಂದು ಬಟ್ಟಲು ತಿಂದು, ಎರಡನೆಯದನ್ನು ಕೇಳಿ, “ಇದು ಪಾಸ್ತಾ ಹೌದೋ ಅಲ್ಲೋ?” ಎಂದು ವಿಚಾರಿಸಿದಳು.

ಆ ಪ್ರಶ್ನೆಗೆ ಉತ್ತರ ಕೊಡಲು ನಾನು ಪುಸ್ತಕಗಳ ಕಪಾಟಿಗೆ ಹೋದೆ. ಅಲ್ಲಿ ಕಂಡ ಸಂಗತಿಗಳು ಕೇಳುಗರಿಗೂ ರುಚಿಸಬಹುದು. ಪಾಸ್ತಾವನ್ನು ಮಾರ್ಕೊ ಪೋಲೊ ಚೀನದಿಂದ ತಂದನೆಂಬ ಕಥೆ ಎಲ್ಲೆಡೆ ಹಬ್ಬಿದೆ. ಆತ ವೆನಿಸ್ಸಿಗೆ ಮರಳಿದ್ದು 1295ರಲ್ಲಿ. ಆದರೆ 1279ರಲ್ಲಿಯೇ ಜಿನೋವಾ ನಗರದಲ್ಲಿ ಸಿದ್ಧವಾದ ಒಂದು ಆಸ್ತಿಪಟ್ಟಿಯಲ್ಲಿ ಬುಟ್ಟಿಯಷ್ಟು ಮಕರೋನಿ ನಮೂದಾಗಿದೆ. ಅದಕ್ಕೂ ಹಿಂದೆ 1154ರಲ್ಲಿ, ಸಿಸಿಲಿಯ ದೊರೆ ರೋಜರನ ಆಸ್ಥಾನದಲ್ಲಿದ್ದ ಅಲ್ ಇದ್ರೀಸೀ ಎಂಬ ಅರಬ್ ಭೂಗೋಳಜ್ಞನು, ಪಲೆರ್ಮೊದ ಬಳಿಯ ತ್ರಾಬಿಯಾ ಎಂಬಲ್ಲಿ ಹಿಟ್ಟಿನ ಎಳೆಗಳನ್ನು ತಯಾರಿಸಿ ಹಡಗುಗಳಲ್ಲಿ ಕಳಿಸುತ್ತಿದ್ದರೆಂದು ಬರೆದಿದ್ದಾನೆ. ಹಿಟ್ಟನ್ನು ಎಳೆಯಾಗಿಸಿ ಒಣಗಿಸಿಡುವ ಜಾಣತನಕ್ಕೆ ಒಂದೇ ತವರುಮನೆ ಎಂದು ಹೇಳುವಂತಿಲ್ಲ. ಗಟ್ಟಿ ಗೋಧಿ, ಬಿಸಿಲು, ಮುಂದಿನ ಮಳೆಗಾಲದ ಚಿಂತೆ, ಇವು ಮೂರೂ ಎಲ್ಲಿ ಕೂಡಿದವೋ ಅಲ್ಲಿ ಅದು ಬೇರೂರಿತು.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಇಟಲಿಯ ದಕ್ಷಿಣಕ್ಕಿರುವ ಪುಲಿಯಾ ಪ್ರಾಂತದ ಬಾರಿ ಪಟ್ಟಣದಲ್ಲಿ ಇಂದಿಗೂ ಹೆಂಗಸರು ಮನೆಯ ಮುಂದಿನ ಓಣಿಯಲ್ಲಿ ಮೇಜು ಹಾಕಿಕೊಂಡು ಕುಳಿತು ಕೈಯಿಂದ ಪಾಸ್ತಾ ಮಾಡುತ್ತಾರೆ. ಉತ್ತರ ಇಟಲಿಯ ಎಮಿಲಿಯಾ ಸೀಮೆಯವರಂತೆ ಅವರು ತತ್ತಿ ಬೆರೆಸುವುದಿಲ್ಲ. ಡ್ಯೂರಮ್ ರವೆ ಮತ್ತು ನೀರು, ಅಷ್ಟೆ. ಹಿಟ್ಟನ್ನು ಹೊಸೆದು, ತುಂಡರಿಸಿ, ಚಾಕುವಿನಿಂದ ಎಳೆದು, ಹೆಬ್ಬೆರಳ ಮೇಲೆ ಮಗುಚುತ್ತಾರೆ. ಅದಕ್ಕೆ ಒರೆಕ್ಕಿಯೆತ್ತೆ ಎಂದು ಹೆಸರು; ಅರ್ಥ ‘ಪುಟ್ಟ ಕಿವಿಗಳು’. ಇಲ್ಲಿ ಹಿಟ್ಟಿನ ಹದಕ್ಕೆ ಕಿವಿ ಪ್ರಮಾಣವಾದರೆ ಅಲ್ಲಿ ಆಕಾರಕ್ಕೆ ಕಿವಿ ಉಪಮಾನವಾಯಿತು. ಅದನ್ನು ಅವರು ಚಳಿಗಾಲದಲ್ಲಿ ಬೇಯಿಸುವುದು ಒಂದು ಬಗೆಯ ಕಹಿ ಸೊಪ್ಪಿನೊಂದಿಗೆ, ಬಳ್ಳೊಳ್ಳಿ ಹಾಗೂ ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟು. ನಮ್ಮ ಮೆಂತ್ಯವೂ ಚಳಿಗಾಲದ್ದೇ, ಕಹಿಯದ್ದೇ. ಗೋಧಿಯ ಮಂದ ಸಿಹಿಗೆ ಸೊಪ್ಪಿನ ಕಹಿ ಜೊತೆಯಾಗುವುದನ್ನು ಎರಡು ದೂರದ ಸೀಮೆಗಳ ನಾಲಗೆಗಳು ಬೇರೆ ಬೇರೆಯಾಗಿ ಕಂಡುಕೊಂಡಿವೆ.

ಟೊಮೆಟೊ ಇಲ್ಲದ ಪಾಸ್ತಾ ಉಂಟೇ ಎಂದು ಕೇಳುವವರಿಗೂ ಒಂದು ಮಾತು. ಟೊಮೆಟೊ ಅಮೆರಿಕ ಖಂಡದ ಕಾಯಿ. ಯುರೋಪಿಗೆ ಅದು ಬಂದದ್ದು ಹದಿನಾರನೆಯ ಶತಮಾನದಲ್ಲಿ. ಅದೇ ಖಂಡದಿಂದ ಬಂದ ಮೆಣಸಿನಕಾಯಿಯನ್ನು ಪೋರ್ಚುಗೀಸರು ನಮ್ಮ ಕರಾವಳಿಗೆ ತಂದರು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಮೂಲಪುರುಷರು ಹಡಗು ಹತ್ತಿ ಬಂದವರು. ಕಡಬಿನ ಮೇಲೆ ಉದುರಿಸಿದ ಶೇಂಗಾ ಕೂಡ ಅತ್ತಲಿನದೇ. ಯಾವುದು ನಮ್ಮದು, ಯಾವುದು ಪರರದು ಎಂಬ ಜಗಳಕ್ಕೆ ಅಡಿಗೆಮನೆ ತಕ್ಕ ಸ್ಥಳವಲ್ಲ. ಹೀಗಾಗಿ ಮೊಮ್ಮಗಳಿಗೆ, “ಹೌದವ್ವಾ, ಇದು ಪಾಸ್ತಾನೂ ಹೌದು, ಕಡಬೂ ಹೌದು” ಎಂದು ಹೇಳಿದೆ.

ಆದರೆ ಒಂದು ಭೇದವನ್ನು ಮರೆಯುವಂತಿಲ್ಲ. ಪೊಟ್ಟಣದ ಪಾಸ್ತಾಕ್ಕೆ ವರ್ಷವಿಡೀ ಒಂದೇ ರುಚಿ. ಕೈಯಲ್ಲಿ ಮಾಡಿದ ಹಿಟ್ಟು, ಆ ತಿಂಗಳ ಕಾಯಿಪಲ್ಯೆಯನ್ನು ಬೇಡುತ್ತದೆ. ಇದು ನನಗೆ ಅರಿವಾದದ್ದು ಮಾಘ ಕಳೆದು ಮೆಂತ್ಯ ಬಲಿತು ಹೂ ಬಿಟ್ಟಾಗ. ಮೆಂತ್ಯ ಹೋದ ಮೇಲೆ ಕಡಬೂ ಹೋಯಿತೆಂದು ನಾನು ತಿಳಿದಿದ್ದೆ. ಹೆಂಡತಿ ನಕ್ಕು ವರ್ಷದ ಲೆಕ್ಕವನ್ನು ಹೇಳಿದಳು. ಮಾರ್ಗಶಿರ ಪುಷ್ಯಗಳಲ್ಲಿ ಮೆಂತ್ಯದ ಜೊತೆಗೆ ಹೊಲದಿಂದ ಬರುವ ಎಳೆಯ ಕಡಲೆ ತಪ್ಪಲು. ಅದರ ಹುಳಿಗೆ ಬೇರೆ ಹುಳಿ ಬೇಡ. ಅದರ ಬೆನ್ನಿಗೆ ಸುಲಗಾಯಿ. ಹಸಿ ಕಡಲೆಕಾಳನ್ನು ಬಿಡಿಸಿ, ಅರ್ಧವನ್ನು ಹಾಗೆಯೇ, ಅರ್ಧವನ್ನು ಜಜ್ಜಿ ಹಾಕಿದರೆ ಕಡಬಿಗೆ ಹಸುರು ಲೇಪ ಹತ್ತುತ್ತದೆ. ಉಳ್ಳಾಗಡ್ಡಿಯ ತಪ್ಪಲು, ಗಜ್ಜರಿ, ಎಳೆಯ ಮುಳಗಾಯಿ ಆ ಕಾಲದವೇ. ಬೇಸಿಗೆಯಲ್ಲಿ ಸೊಪ್ಪು ಒಣಗುತ್ತದೆ. ಆಗ ನುಗ್ಗೆಯ ಎಲೆ, ಇಲ್ಲವೆ ತುರಿದ ಹಸಿ ಮಾವಿನಕಾಯಿ. ಮಾವಿನಕಾಯಿಯನ್ನು ಬೇಯಿಸದೆ, ಒಲೆಯಿಂದ ಇಳಿಸಿದ ಮೇಲೆ ಬೆರೆಸಬೇಕು. ಮಳೆ ಹಿಡಿದ ಮೇಲೆ ಹೀರೇಕಾಯಿ, ರಾಜಗಿರಿ, ಸಬ್ಬಸಿಗೆ. ಹೀರೇಕಾಯಿ ತಾನೇ ನೀರು ಬಿಡುವುದರಿಂದ ಬಸಿದ ನೀರು ಬೇಕಾಗುವುದಿಲ್ಲ. ಬೆಂಡೆಯಾದರೆ ಲೋಳೆ ಹೋಗುವವರ ಬೇರೆಯಾಗಿ ಹುರಿದುಕೊಳ್ಳಬೇಕು. ಹಿಟ್ಟಿನ ಹದ ವರ್ಷವಿಡೀ ಒಂದೇ, ಒಗ್ಗರಣೆಯ ಹದ ಮಾತ್ರ ಪಲ್ಯದಿಂದ ಪಲ್ಯಕ್ಕೆ ಬೇರೆ. ಹುಬ್ಬಳ್ಳಿಯ ಜನತಾ ಬಜಾರಕ್ಕೆ ಹೋಗುವ ನಾನು ಈಗ ಚೀಟಿ ಒಯ್ಯುವುದಿಲ್ಲ. ಬುಟ್ಟಿಯಲ್ಲಿ ಏನು ಬಂದಿದೆಯೋ ಅದನ್ನು ನೋಡಿ ಊಟವನ್ನು ಗೊತ್ತುಮಾಡುತ್ತೇನೆ.

ಕೊಪ್ಪವೆಂದರೆ ಚಿಕ್ಕ ಹಳ್ಳಿ. ಗೋಪನಕೊಪ್ಪವೂ ಹೆಸರಿಗೆ ತಕ್ಕಂತೆ ಹಾಗೆಯೇ ಇದ್ದ ಊರು. ಹುಬ್ಬಳ್ಳಿ ಧಾರವಾಡಗಳು 1962ರಲ್ಲಿ ಒಂದೇ ಮಹಾನಗರಪಾಲಿಕೆಯಾದವು. ಬರಬರುತ್ತ ಊರು ಬೆಳೆದು ಬಂದು ಕೊಪ್ಪವನ್ನು ತನ್ನೊಳಗೆ ತೆಗೆದುಕೊಂಡಿತು. ಊರಿನ ಹೆಸರಿನಲ್ಲಿ ಹಳ್ಳಿ ಉಳಿದಿದೆ; ಊಟದಲ್ಲಿ ಉಳಿದಿದೆಯೇ ಎಂಬುದೇ ಪ್ರಶ್ನೆ. ಕೆಂಪು ಗೋಧಿಯ ಕಥೆಯೂ ಹೀಗೆಯೇ. 1960ರ ದಶಕದ ನಂತರ ಹೆಚ್ಚು ಇಳುವರಿಯ ಗಿಡ್ಡ ಗೋಧಿ ಬಂದಿತು. ದೇಶದ ಹಸಿವೆ ಹಿಂಗಿಸಿದ ಆ ಗೋಧಿಯನ್ನು ದೂಷಿಸುವುದು ಕೃತಘ್ನತೆ. ಆದರೆ ಅದರ ಮುಂದೆ ಸದಕಕ್ಕೆ ಹೊಲದಲ್ಲಿ ಜಾಗ ಕಡಿಮೆಯಾಯಿತು. ಧಾರವಾಡದ ಕೃಷಿ ವಿಜ್ಞಾನಿಗಳು ಅದನ್ನು ಕೈಬಿಡದೆ ಡಿ.ಡಿ.ಕೆ. 1025, ಡಿ.ಡಿ.ಕೆ. 1029 ಮುಂತಾದ ಸುಧಾರಿಸಿದ ತಳಿಗಳನ್ನು ಕೊಟ್ಟಿದ್ದಾರೆ. ಬೀಜವನ್ನು ವಿಜ್ಞಾನಿ ಉಳಿಸಬಲ್ಲ, ಬೆಳೆಯನ್ನು ರೈತ ಉಳಿಸಬಲ್ಲ. ಕೊಂಡು ಉಣ್ಣುವವರಿಲ್ಲದಿದ್ದರೆ ಇಬ್ಬರೂ ಎಷ್ಟು ದಿನ ಉಳಿಸಿಯಾರು?

ಹಾಗೆಯೇ ಕೈಯ ಹದವನ್ನು ಯಾರು ಉಳಿಸಬೇಕು? ಅಳತೆಗಳನ್ನು ನಾನು ಬರೆದಿಟ್ಟಿದ್ದೇನೆ. ಇಂದು ನಿಮಗೂ ಹೇಳಿದ್ದೇನೆ. ಆದರೆ ಬರೆದಿಡಲು ಬಾರದ ಒಂದು ಅಂಶ ಉಳಿದುಬಿಡುತ್ತದೆ. ನಾನು ನಾದಿ ಮುಗಿಸಿದ ಮೇಲೆ ಹೆಂಡತಿಯ ಮುಂದೆ ಹಿಟ್ಟನ್ನು ಹಿಡಿಯುತ್ತೇನೆ. ಆಕೆ ಮಡಿಚಲು ಬಾರದ ಬೆರಳಿನ ಬೆನ್ನಿನಿಂದ ಒಮ್ಮೆ ಒತ್ತಿ, “ಇನ್ನಾ ಬೇಕ” ಎನ್ನುತ್ತಾಳೆ, ಇಲ್ಲವೆ “ಈಗ ಬಂತ ನೋಡ್ರಿ” ಎನ್ನುತ್ತಾಳೆ. ನಾದುವ ಬಲ ಹೋದರೂ ಆ ಬೆರಳುಗಳಿಂದ ಅರಿವು ಹೋಗಿಲ್ಲ. ಆಕೆ “ಬಂತು” ಎನ್ನುವ ಮುಂಚೆಯೇ ನನಗೆ ತಿಳಿಯಬೇಕೆಂದು ಒಂದು ವರ್ಷದಿಂದ ಪ್ರಯತ್ನಿಸುತ್ತಿದ್ದೇನೆ. ಹತ್ತು ಸಲಕ್ಕೆ ಆರು ಸಲ ನನ್ನ ಊಹೆ ಸರಿಯಾಗುತ್ತದೆ. ಉಳಿದ ನಾಲ್ಕನ್ನು ಕಲಿಯುವಷ್ಟು ಕಾಲ ನಮ್ಮಿಬ್ಬರಿಗೂ ಇರಲಿ ಎಂಬುದು ನನ್ನ ಪ್ರಾರ್ಥನೆ. ನಲವತ್ತು ವರ್ಷ ಒಂದೇ ಮನೆಯಲ್ಲಿದ್ದು, ಪಕ್ಕದ ಕೋಣೆಯಲ್ಲಿ ನಡೆಯುತ್ತಿದ್ದ ವಿದ್ಯೆಯನ್ನು ವಿದ್ಯೆಯೆಂದು ನಾನು ಗುರುತಿಸಲಿಲ್ಲ. ಬೇರೆಯವರಾದರೂ ಅಷ್ಟು ತಡಮಾಡದಿರಲಿ ಎಂದೇ ಇದನ್ನೆಲ್ಲ ಹೇಳಿದೆ.

ನಿಮ್ಮ ಮನೆಯಲ್ಲೂ ಅಂಥ ಕೈಗಳು ಇರಬಹುದು: ತಾಯಿಯವು, ಅತ್ತೆಯವು, ಅಜ್ಜಿಯವು. ಈ ಸಲ ಪೇಟೆಗೆ ಮೆಂತ್ಯ ಬಂದಾಗ ಎರಡು ಸಿವುಡು ಹೆಚ್ಚು ತನ್ನಿರಿ, ಒಂದು ಕಿಲೊ ಕೆಂಪು ಗೋಧಿಯನ್ನು ಹುಡುಕಿ ತನ್ನಿರಿ. ಅವರನ್ನು ಕುರ್ಚಿಯ ಮೇಲೆ ಕೂರಿಸಿ, ನೀವು ಹಿಟ್ಟು ಕಲಸಿರಿ. ಗಂಡಸರಾದರೆ ಅವಶ್ಯವಾಗಿ ಕಲಸಿರಿ. ಮೊದಲ ದಿನ ಗಂಜಿಯಾದೀತು; ಚಿಂತೆಯಿಲ್ಲ, ಅದನ್ನೂ ಕುಡಿಯಬಹುದು.

(ಬಾನುಲಿ ಭಾಷಣ)